ಡಬ್ಬಿ ಎಲ್ಲಿರಬೇಕು?

ರಘು: ಅಕ್ಕಾ, ನಿನ್ನ ಆಕ್ಷೇಪ ನನಗೆ ಒಪ್ಪಿಗೆಯಾಗುತ್ತಿಲ್ಲ. ಜಿಯೋಕ್ಯಾಶಿಂಗ್ ಆಡುವವರು ಯಾರ ಸೊತ್ತನ್ನೂ ಹಾಳುಮಾಡುವುದಿಲ್ಲ. ಒಬ್ಬರು ಡಬ್ಬಿ ಅಡಗಿಸಿ ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಹೊರಡುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳನ್ನು ಕೂಡಿಸುವ ಕಾರ್ನಿಷ್–ವಿಂಡ್ಸರ್ ಸೇತುವೆಯಂಥ ಚಾವಣಿ ಸೇತುವೆಯೊಳಗೆ ಅಂಥದ್ದೊಂದು ಡಬ್ಬಿ ಇದ್ದರೆ ಯಾರಿಗೆ ನಷ್ಟ? ಕಾರಿನಲ್ಲಿ ದಾಟಿಹೋಗುತ್ತಿದ್ದವರು ಇಳಿದು ಸೇತುವೆ ನೋಡುತ್ತಾರಲ್ಲ!

ವಿಮಲಾ: ಇಳಿಯುತ್ತಾರೆ. ಇಳಿದವರ ಕಣ್ಣು ಏನನ್ನು ಹುಡುಕುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಈ ಆಟ ಹುಟ್ಟಿದ ಬಗೆಯನ್ನೇ ನೋಡು. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ಮೊದಲ ದಿನಗಳಲ್ಲಿ ತೆಗೆದುಹಾಕಿತು. ಅದಾದ ಒಂದೆರಡು ದಿನಕ್ಕೇ ಡೇವ್ ಉಲ್ಮರ್ ಆರೆಗನ್‌ನಲ್ಲಿ ಮೊದಲ ಡಬ್ಬಿ ಇಟ್ಟ. ಆದರೆ ದೋಷ ತೆಗೆದ ಮೇಲೂ ಜಿಪಿಎಸ್ ನಮ್ಮನ್ನು ಡಬ್ಬಿಯ ಹತ್ತಿರಕ್ಕೆ ತಂದು ಬಿಡುತ್ತದೆಯೇ ಹೊರತು ಡಬ್ಬಿಯ ಮೇಲೆ ಕೈ ಇಡಿಸುವುದಿಲ್ಲ. ಕೊನೆಯ ಕೆಲವು ಮೀಟರು ಕಣ್ಣು ಕೈಗಳ ಕೆಲಸ, ಆಟದ ಸ್ವಾರಸ್ಯವೂ ಅಲ್ಲೇ. ಚಾವಣಿಯ ಕೆಳಗೆ ಆಕಾಶ ಕಾಣದ್ದರಿಂದ ಉಪಗ್ರಹದ ಸಂಕೇತ ಇನ್ನಷ್ಟು ಮಸುಕಾಗುತ್ತದೆ, ಹುಡುಕಬೇಕಾದ ಜಾಗ ಹಿಗ್ಗುತ್ತದೆ. ಇನ್ನು ಆ ಸೇತುವೆಯ ಮೈಯಾದರೂ ಎಂಥದ್ದು? ಇಥಿಯೆಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದ ಜಾಲರಿ ಕಟ್ಟಣೆ. ಓರೆಯಾಗಿ ಒಂದನ್ನೊಂದು ದಾಟುವ ಮರಗಳು, ದಾಟುವಲ್ಲೆಲ್ಲ ಒಂದು ಕೂಡುಗಂಟು. ಸುಮಾರು 137 ಮೀಟರ್ ಉದ್ದಕ್ಕೂ ಇದೇ. ಹುಡುಕುವವನ ಕಣ್ಣಿಗೆ ಪ್ರತಿಯೊಂದು ಗಂಟೂ ಅಡಗುತಾಣ. ಯಾವುದು ಭಾರ ಹೊತ್ತ ಮರ, ಯಾವುದು ಸಡಿಲ ಹಲಗೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಎಳೆದು ನೋಡುತ್ತಾನೆ, ಸಂದಿಗೆ ಬೆರಳು ತೂರಿಸುತ್ತಾನೆ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ.

ರಘು: ದಿನವಿಡೀ ಕಾರು ಓಡಾಡುವ ಸೇತುವೆಗೆ ಬೆರಳಿನ ಭಾರ ಯಾವ ಲೆಕ್ಕ?

ವಿಮಲಾ: ಕಾರಿನ ಭಾರ ಸೇತುವೆ ಹೊರಲೆಂದೇ ಹುಟ್ಟಿದ ಭಾರ. ಅದು ನೆಲಹಲಗೆಯಿಂದ ಜಾಲರಿಗೆ, ಜಾಲರಿಯಿಂದ ಕಲ್ಲುಕಂಬಕ್ಕೆ ಇಳಿದುಹೋಗುತ್ತದೆ. ಸಂದಿಯನ್ನು ಕೆದಕುವ ಕೈಗೆ ಅಂಥ ಲೆಕ್ಕ ಯಾರೂ ಹಾಕಿಲ್ಲ. ಇನ್ನೊಂದು ಮಾತು. ಮರದ ಸೇತುವೆಗೆ ನೀರಿನಷ್ಟೇ ದೊಡ್ಡ ಶತ್ರು ಬೆಂಕಿ. ಅಯೋವಾದ ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆ 2002ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು, 2017ರಲ್ಲಿ ಅದಕ್ಕೂ ಬೆಂಕಿ ಬಿತ್ತು. ಇಂಥದ್ದನ್ನು ಕಂಡ ಊರಿನವರು ಮುಸ್ಸಂಜೆಯಲ್ಲಿ ಸೇತುವೆಯ ಮೂಲೆ ತಡಕಾಡುವ ಅಪರಿಚಿತನನ್ನು ಅನುಮಾನದಿಂದ ನೋಡಿದರೆ ತಪ್ಪು ಅವರದಲ್ಲ.

ರಘು: ಹಳೆಯ ಸೇತುವೆಯೆಂದು ನೀನು ಇಷ್ಟು ಕಾಳಜಿ ವಹಿಸುತ್ತೀಯ. ಆದರೆ ಕಾರ್ನಿಷ್–ವಿಂಡ್ಸರ್ ಸೇತುವೆ ಹಳೆಯದಾಗಿ ಉಳಿದಿದೆಯೇ? 1989ರ ದೊಡ್ಡ ದುರಸ್ತಿಯಲ್ಲಿ ಪದರ ಪದರವಾಗಿ ಅಂಟಿಸಿದ ಹೊಸ ಮರ ಸೇರಿಸಿದ್ದಾರೆ. 1866ರಲ್ಲಿ ಜೇಮ್ಸ್ ಟಾಸ್ಕರ್, ಬೀಲಾ ಫ್ಲೆಚರ್ ಕಟ್ಟಿದ್ದು ಅದೇ ಎಂದು ಹೇಗೆ ಹೇಳುವುದು? ಅದಕ್ಕೂ ಮುಂಚೆ ಅದೇ ಜಾಗದಲ್ಲಿದ್ದ ಮೂರು ಸೇತುವೆಗಳನ್ನು ಹೊಳೆ ಕೊಚ್ಚಿಕೊಂಡು ಹೋಗಿತ್ತು. ವರ್ಮಾಂಟ್‌ನ ಬಾರ್ಟನ್ಸ್‌ವಿಲ್ ಸೇತುವೆ 2011ರ ಐರೀನ್ ಚಂಡಮಾರುತದ ನೆರೆಯಲ್ಲಿ ಪೂರ್ತಿ ಹೋಯಿತು. ಈಗಿರುವುದು ಹೊಸದು, ಆದರೂ ಜನ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ.

ವಿಮಲಾ: ಕರೆಯಲಿ. ಒಂದೊಂದೇ ಮರ ಬದಲಾಗುತ್ತ ಬಂದದ್ದಕ್ಕೂ ಒಂದೇ ಏಟಿಗೆ ಹೋಗಿ ಮತ್ತೆ ಎದ್ದದ್ದಕ್ಕೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಅದನ್ನು ಇನ್ನೊಮ್ಮೆ ಬಿಡಿಸಿ ನೋಡೋಣ. ಈಗಿನ ಮಾತಿಗೆ ಬೇಕಾದದ್ದು ಇಷ್ಟು: ಹೊಸ ಮರ ಸೇರಿದೆ ಎಂದ ಮಾತ್ರಕ್ಕೆ ಉಳಿದದ್ದನ್ನು ಅಲ್ಲಾಡಿಸಲು ಯಾರಿಗೂ ಪರವಾನಗಿ ಸಿಗುವುದಿಲ್ಲ.

ರಘು: ಹಾಗಾದರೆ ಆಟವನ್ನೇ ನಿಷೇಧಿಸಬೇಕೇ? 2005ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಐತಿಹಾಸಿಕ ಸ್ಥಳಗಳಲ್ಲಿ, ಸ್ಮಶಾನಗಳಲ್ಲಿ ಇದಕ್ಕೆ ಕಡಿವಾಣ ಹಾಕುವ ಮಸೂದೆ ಬಂದಿತ್ತು, ಕಾನೂನಾಗಲಿಲ್ಲ.

ವಿಮಲಾ: ನಿಷೇಧ ನನಗೆ ಬೇಡ. ನೀನು ಹೇಳಿದ್ದರಲ್ಲಿ ದೊಡ್ಡ ಸತ್ಯವಿದೆ: ಬಳಸದ ಸೇತುವೆಯನ್ನು ಜನ ಮರೆಯುತ್ತಾರೆ, ಮರೆತದ್ದಕ್ಕೆ ದುರಸ್ತಿಯ ಹಣ ಹುಟ್ಟುವುದಿಲ್ಲ. ಆದ್ದರಿಂದ ಜನ ಬರಲೇಬೇಕು. ನನ್ನ ವಾದ ಡಬ್ಬಿಯ ಜಾಗದ್ದು ಮಾತ್ರ. ಡಬ್ಬಿ ಸೇತುವೆಯಾಚೆ ಇರಲಿ, ಅದಕ್ಕೆ ದಾರಿ ತೋರುವ ಸುಳಿವು ಸೇತುವೆಯಲ್ಲಿರಲಿ. ಹಲವು ಹಂತದ ಡಬ್ಬಿಗಳು ಈ ಆಟದಲ್ಲಿ ಮೊದಲಿನಿಂದಲೂ ಇವೆ. ಕಾರ್ನಿಷ್–ವಿಂಡ್ಸರ್ ಸೇತುವೆಯ ಬಾಗಿಲ ಮೇಲೊಂದು ಫಲಕವಿದೆಯಲ್ಲ, ಕುದುರೆಯನ್ನು ಓಡಿಸದೆ ನಡೆಸಿಕೊಂಡು ಹೋಗಬೇಕು, ತಪ್ಪಿದರೆ 2 ಡಾಲರ್ ದಂಡ ಎಂದು? ಆ 2 ಡಬ್ಬಿಯ ಅಕ್ಷಾಂಶ ರೇಖಾಂಶ ಲೆಕ್ಕಹಾಕಲು ಬೇಕಾದ ಒಂದು ಅಂಕಿಯಾಗಲಿ. ಕುದುರೆಯ ಓಟಕ್ಕೆ ಯಾಕೆ ತಡೆ ಎಂದು ಕೇಳಿದವನು ಒಂದೇ ಲಯದ ಬಡಿತಕ್ಕೆ ಸೇತುವೆ ಕುಲುಕೀತೆಂಬ ಅಂದಿನವರ ಭಯವನ್ನು ತಿಳಿಯುತ್ತಾನೆ. ಸೇತುವೆ ದಾಟುವವರಿಂದ ವಸೂಲಿಯಾಗುತ್ತಿದ್ದ ಸುಂಕ ನಿಂತ 1943 ಇನ್ನೊಂದು ಅಂಕಿಯಾಗಲಿ. ಇಷ್ಟು ಎತ್ತರಕ್ಕೆ ಚಾವಣಿ ಯಾಕೆ ಎಂದು ಅವನು ತಲೆಯೆತ್ತಲಿ. ಮಳೆಗೆ ಬಿಟ್ಟ ಮರದ ಕಟ್ಟಣೆ ಹತ್ತಿಪ್ಪತ್ತು ವರ್ಷಕ್ಕೇ ಕುಂಬಾಗುತ್ತದೆ. ಅದೇ ಮರ ಸೂರಿನಡಿ ನೂರು ವರ್ಷ ದಾಟುತ್ತದೆ. ಸಂದಿ ಕೆದಕುವವನಿಗೆ ಇದ್ಯಾವುದೂ ಬೇಕಿಲ್ಲ, ಡಬ್ಬಿ ಸಿಕ್ಕಿತೋ ಸೇತುವೆಯ ಕೆಲಸ ಮುಗಿಯಿತು. ಸುಳಿವು ಓದುವವನಿಗೆ ಮಾತ್ರ ಸೇತುವೆ ಅರ್ಥವಾಗದೆ ಡಬ್ಬಿ ಸಿಗುವುದಿಲ್ಲ.

ರಘು: ಫಲಕದ ಫೋಟೋ ಅಂತರ್ಜಾಲದಲ್ಲಿದೆ. ಡಬ್ಬಿಯೇ ಇಲ್ಲದ ವರ್ಚುವಲ್ ಕ್ಯಾಶ್‌ಗಳಲ್ಲಿ ಈ ರೋಗ ಹಳೆಯದು, ಮನೆಯಲ್ಲಿ ಕೂತೇ ಉತ್ತರ ಕಳಿಸಿ ಕಂಡುಹಿಡಿದೆ ಅನ್ನುತ್ತಾರೆ.

ವಿಮಲಾ: ಅದಕ್ಕೇ ಕೊನೆಯಲ್ಲಿ ನಿಜವಾದ ಡಬ್ಬಿ, ಸಹಿ ಹಾಕಲು ಪುಸ್ತಕ ಇರಬೇಕು ಅನ್ನುವುದು. ಅಂಕಿಗಳನ್ನು ಮನೆಯಲ್ಲೇ ಹೆಕ್ಕಿದರೂ ಹೊಳೆ ದಂಡೆಗೆ ಬರದೆ ಗತ್ಯಂತರವಿಲ್ಲ. ಬಂದವರಲ್ಲಿ ಕೆಲವರು ಸೇತುವೆಯನ್ನು ಕಣ್ಣೆತ್ತಿಯೂ ನೋಡದಿರಬಹುದು. ಅವರಿಂದ ಒಂದು ಗೂಟವೂ ಸಡಿಲವಾಗುವುದಿಲ್ಲ, ಅಷ್ಟು ಸಾಕು.

ರಘು: ದಂಡೆ ಅಂದರೆ ಯಾವುದು? ವರ್ಮಾಂಟ್‌ನ ವಿಂಡ್ಸರ್ ಕಡೆಯದೋ, ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಷ್ ಕಡೆಯದೋ? ಅನುಮತಿ ಕೇಳದೆ ಇಡುವ ಹಾಗಿಲ್ಲ.

ವಿಮಲಾ: 1930ರ ದಶಕದಲ್ಲಿ ಎರಡು ರಾಜ್ಯಗಳ ಗಡಿಯನ್ನು ಸುಪ್ರೀಂ ಕೋರ್ಟ್ ವರ್ಮಾಂಟ್ ಕಡೆಯ ದಂಡೆಯ ತಗ್ಗು ನೀರಿನ ಗುರುತಿಗೆ ನಿಲ್ಲಿಸಿತು. ಹಾಗಾಗಿ ಹೊಳೆ ನ್ಯೂ ಹ್ಯಾಂಪ್‌ಶೈರ್‌ನದು, ಸೇತುವೆಯ ಬಹುಪಾಲೂ ಆ ರಾಜ್ಯದ್ದು. ಡಬ್ಬಿಗೆ ವಿಂಡ್ಸರ್ ದಂಡೆ ಆರಿಸಿದರೆ ಕೇಳಬೇಕಾದದ್ದು ಆ ಜಾಗದ ಒಡೆಯರನ್ನು. ಮೊದಲು ಅವರು ಯಾರೆಂದು ವಿಚಾರಿಸು, ಸುಳಿವು ಆಮೇಲೆ ಬರೆಯೋಣ.