ತವರಿನ ಬಾಗಿಲು ತೆರೆಯುವವರು

ಹೆಣ್ಣುಮಕ್ಕಳಿಗೆ ವಯಸ್ಸೆಷ್ಟಾದರೂ ತವರಿನ ಮಾತು ಬಂದರೆ ಮುಖ ಅರಳುತ್ತದೆ. ಬೀಸುಕಲ್ಲಿನ ಪದಗಳಲ್ಲಿ ತವರನ್ನು ನೆನೆದು ಹಾಡಿದವುಗಳಿಗೆ ಲೆಕ್ಕವೇ ಇಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿಯೂ ಅಷ್ಟೆ. ದಸರೆ ರಜೆ ಹತ್ತಿರ ಬಂತೆಂದರೆ ನಿವೃತ್ತಿಯ ಅಂಚಿನಲ್ಲಿರುವವರೂ 'ನಾನು ಊರಿಗೆ ಹೋಗ್ತೀನಿ ಕಣ್ರೀ' ಎಂದು ಹುಡುಗಿಯರಾಗಿಬಿಡುತ್ತಾರೆ. ಆದರೆ ರಜೆ ಮುಗಿಸಿ ಬಂದ ಮೇಲೆ ಮಾತಿನ ರಾಗ ಬೇರೆ. 'ಊರು ಮೊದಲಿನ ಹಾಗಿಲ್ಲ. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದಾರೆ, ಹಂಡೆ ಒಲೆ ತೆಗೆದು ಗೀಸರ್ ಕೂರಿಸಿದ್ದಾರೆ, ಯಾರನ್ನು ನೋಡಿದರೂ ಕೈಯಲ್ಲಿ ಮೊಬೈಲು.' ಹೀಗೆ ಹೇಳುವವರ ಮನೆಯಲ್ಲಿ ಗೀಸರ್ ಬಂದು ಇಪ್ಪತ್ತು ವರ್ಷವಾಗಿರುತ್ತದೆ. ಬಿಟ್ಟು ಬಂದ ಊರು ನಾವು ಬಿಟ್ಟಾಗ ಹೇಗಿತ್ತೋ ಹಾಗೆಯೇ ಇರಬೇಕೆಂದು ಕೇಳುವ ಹಕ್ಕು ನಮಗಿದೆಯೇ?

ನನ್ನ ತವರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಅಮ್ಮನ ತವರು ಅದೇ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದಾಗ ಅವಳ ಅಣ್ಣಂದಿರು ಶಿವಮೊಗ್ಗದ ಕಡೆಗೆ ಗಂಟುಮೂಟೆ ಕಟ್ಟಿದರು. 1948ರಲ್ಲಿ ಕಟ್ಟಿ ಮುಗಿಸಿದ್ದ ಮಡೆನೂರಿನ ಹಳೆಯ ಅಣೆಕಟ್ಟೆಯೂ ಆಗ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣಿಸುತ್ತದೆ. ಜನ ನೋಡಲು ಹೋಗುತ್ತಾರೆ. 'ಕಟ್ಟೆ ಕಾಣ್ತದೆ, ನಮ್ಮನೆ ತುಳಸಿಕಟ್ಟೆ ಕಾಣಲ್ಲ' ಎನ್ನುತ್ತಿದ್ದಳು ಅಮ್ಮ. ವರ್ಷಕ್ಕೊಮ್ಮೆ ಶಿವಮೊಗ್ಗಕ್ಕೆ ಹೋದರೆ ಅಲ್ಲಿ ಗುರುತಿನ ಒಂದು ಮರವಿರಲಿಲ್ಲ, ಬಾವಿಯಿರಲಿಲ್ಲ. ಅಣ್ಣನ ಎದುರು ಕುಳಿತು ಒಂದು ಲೋಟ ಕಾಫಿ ಕುಡಿದು ಬಂದರೆ ಅವಳಿಗೆ ತವರಿಗೆ ಹೋದ ಹಾಗಾಗುತ್ತಿತ್ತು. ಊರು ಬದಲಾಯಿತೆಂದು ದೂರುವ ಭಾಗ್ಯವೂ ಅವಳಿಗಿರಲಿಲ್ಲ. ಉಳಿದದ್ದು ಮನುಷ್ಯರು, ಅವರನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ನಮ್ಮ ಕಾಲದಲ್ಲಿ ತವರಿನ ದಾರಿಯೆಂದರೆ ಲಾಂಚು. ಅಂಬಾರಗೋಡ್ಲಿನ ದಡದಲ್ಲಿ ಬಸ್ಸಿನ ಸಮೇತ ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕು. ಸಿಗಂದೂರಿನ ದೇವಸ್ಥಾನಕ್ಕೆ ಹೋಗಿ ಬಂದ ಓದುಗರು ಆ ಲಾಂಚನ್ನು ಕಂಡೇ ಇರುತ್ತಾರೆ. ನೀರು ದಾಟುವಷ್ಟರಲ್ಲಿ ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಪಾಲು, ಯಾರು ತೀರಿಕೊಂಡರು, ಎಲ್ಲ ತಿಳಿದುಬಿಡುತ್ತಿತ್ತು. ಮನೆ ಮುಟ್ಟುವ ಮೊದಲೇ ಊರು ನಮ್ಮನ್ನು ಒಳಗೆ ಕರೆದುಕೊಳ್ಳುತ್ತಿತ್ತು. 2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಆ ವರ್ಷದ ದೀಪಾವಳಿಗೆ ಹೋದಾಗ ಬಸ್ಸು ನಾಲ್ಕೈದು ನಿಮಿಷದಲ್ಲಿ ನೀರನ್ನು ದಾಟಿತ್ತು.

ಮರುದಿನ ಹೈಸ್ಕೂಲಿನ ಗೆಳತಿಯ ಮನೆಗೆ ಹೋಗಿದ್ದೆ. ಅವಳು ಮದುವೆಯಾದದ್ದೂ ಆ ದಡದಲ್ಲೇ. ಲಾಂಚಿನ ಮಾತು ಬಂತು.

'ನಿಂಗೆ ಅದು ನೆನಪು ಮಾರಾಯ್ತಿ, ನಂಗೆ ಅದು ಕಾಯೋದು' ಎಂದಳು. 'ದೊಡ್ಡವನಿಗೆ ನಾಲ್ಕು ವರ್ಷ ಇದ್ದಾಗ ರಾತ್ರಿ ಜ್ವರ ಏರಿ ಫಿಟ್ಸ್ ಬಂತು. ಸಂಜೆಗೆ ಲಾಂಚು ಬಂದ್. ಸುತ್ತಿ ಹೋಗೋಣ ಅಂದ್ರೆ ಗಾಡಿ ಎಲ್ಲಿತ್ತು? ಮಗುನ್ನ ತೊಡೆ ಮೇಲೆ ಹಾಕ್ಕೊಂಡು ಆಚೆ ದಡ ನೋಡ್ತಾ ಬೆಳಗು ಮಾಡಿದೀನಿ.'

ಮಗು ಉಳಿಯಿತು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆ ರಾತ್ರಿಯ ಎದುರು ನನ್ನ ಲಾಂಚಿನ ಸವಿನೆನಪನ್ನು ತಕ್ಕಡಿಗೆ ಹಾಕಿದರೆ ಎಷ್ಟು ತೂಗೀತು? ನಾವು ಚೆಂದವೆಂದು ನೆನೆಯುವ ಎಷ್ಟೋ ಸಂಗತಿ ಅಲ್ಲೇ ಉಳಿದವರ ಕಷ್ಟವಾಗಿರುತ್ತದೆ. ಹೊಗೆಯ ಒಲೆ, ಬಾವಿಯ ಹಗ್ಗ, ನೀರು ದಾಟುವ ಪ್ರಯಾಣ, ಎಲ್ಲವೂ ಹಾಗೆಯೇ.

ಹಾಗಾದರೆ ನೆನಪೆನ್ನುವುದು ಬಿಟ್ಟು ಹೋದವರ ವಿಲಾಸ ಮಾತ್ರವೇ? ಹಾಗೂ ಅನ್ನಿಸುವುದಿಲ್ಲ. ಅದೇ ಮನೆಯಲ್ಲಿ ಗೆಳತಿಯ ಸೊಸೆ ಚಹಾ ತಂದಿಟ್ಟಾಗ, 'ನಿಮ್ಮತ್ತೆ ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮೊದಲು. ನಾನು ಅವಳ ಪುಸ್ತಕ ನೋಡಿ ಬರ್ಕೊಳ್ತಿದ್ದೆ' ಎಂದೆ. ಹುಡುಗಿ 'ಹೌದಾ ಅತ್ತೆ?' ಎಂದು ನಿಂತುಬಿಟ್ಟಳು. ಗೆಳತಿ ತಲೆ ತಗ್ಗಿಸಿ ನಕ್ಕಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದಬೇಕೆಂದರೆ ನೀರು ದಾಟಿ ಸಾಗರಕ್ಕೆ ಬರಬೇಕಿತ್ತು. ನನ್ನ ಅಪ್ಪ ಕಳಿಸಿದರು, ಅವಳ ಅಪ್ಪ ಕಳಿಸಲಿಲ್ಲ. ಆ ಮನೆಯವರಿಗೆ ಅವಳು ಸೊಸೆಯಾಗಿ, ತಾಯಿಯಾಗಿ, ಅತ್ತೆಯಾಗಿ ಗೊತ್ತು. ಲೆಕ್ಕದ ಹುಡುಗಿಯಾಗಿ ಅವಳನ್ನು ಕಂಡವಳು ಅಲ್ಲಿ ನಾನೊಬ್ಬಳೇ. ನೆನಪು ಊರನ್ನು ಹಳೆಯ ಹಾಗೆಯೇ ಇರು ಎಂದು ಕಟ್ಟಿಹಾಕಿದರೆ ಅದು ಸ್ವಾರ್ಥ. ಒಬ್ಬರಿಗೆ ಅವರ ಮರೆತುಹೋದ ಮುಖವನ್ನು ತಂದು ಕೊಟ್ಟರೆ ಅದು ಕಾಣಿಕೆ. ಬಿಟ್ಟು ಹೋದವರು ಕೈಚೀಲದಲ್ಲಿ ಒಯ್ಯುವ ಸಿಹಿತಿಂಡಿ, ಸೀರೆಗಳಿಗಿಂತ ಇದಕ್ಕೆ ಬೆಲೆ ಹೆಚ್ಚು.

ಇನ್ನು ತವರಿನ ಮನೆಯ ಮಾತು. ನಮ್ಮ ಕಡೆ ದೀಪಾವಳಿಯೇ ದೊಡ್ಡಹಬ್ಬ. ಅಕ್ಕತಂಗಿಯರು ಮೂವರೂ ಬರುತ್ತೇವೆ. ಬೆಳಿಗ್ಗೆ ಎಣ್ಣೆನೀರು, ಬಿಸಿ ಹೋಳಿಗೆ, ಮಧ್ಯಾಹ್ನದ ನಿದ್ದೆ. ನಾವು ಬಂದಾಗ ಬಾಗಿಲು ತೆರೆಯುವವಳು ತಮ್ಮನ ಹೆಂಡತಿ. ಹಬ್ಬ ಕಳೆಯಿತೆಂದರೆ ಅವಳಿಗೆ ಕೊನೆಕೊಯ್ಲು, ಅಡಿಕೆ ಸುಲಿಯುವವರಿಗೆ ಊಟ ತಿಂಡಿ. ರಾತ್ರಿ ಪಾತ್ರೆ ಒರೆಸುತ್ತಿದ್ದಾಗ ಕೇಳಿದೆ, 'ನೀನು ಹಬ್ಬಕ್ಕೆ ತವರಿಗೆ ಹೋಗಿ ಎಷ್ಟು ವರ್ಷ ಆಯ್ತು?'

'ಹದಿನಾಲ್ಕು ಆಯ್ತು ಅತ್ತಿಗೆ. ಹಬ್ಬಕ್ಕೆ ನೀವೆಲ್ಲ ಬರ್ತೀರಲ್ವಾ' ಎಂದು ನಗುತ್ತಲೇ ಹೇಳಿದಳು. ಆ ಮಾತಿನಲ್ಲಿ ದೂರು ಇರಲಿಲ್ಲ, ಲೆಕ್ಕ ಮಾತ್ರ ಇತ್ತು.

ನಮಗೆ ತವರಾದ ಮನೆ ಇನ್ನೊಬ್ಬಳಿಗೆ ಗಂಡನ ಮನೆ. ಒಬ್ಬಳು ತವರಿನ ಸುಖ ಉಣ್ಣುವ ದಿನ ಇನ್ನೊಬ್ಬಳ ತವರಿನ ಬಾಗಿಲು ಮುಚ್ಚಿರುತ್ತದೆ. ಇದರಲ್ಲಿ ಯಾರೊಬ್ಬರೂ ಕೆಟ್ಟವರಲ್ಲ, ಪದ್ಧತಿ ಹಾಗೆ ನಡೆದು ಬಂದಿದೆ. ಆದರೆ ಕೆಟ್ಟವರಿಲ್ಲದ ಕಡೆಯೂ ಅನ್ಯಾಯ ಇರಬಹುದಲ್ಲವೇ? ಮುಂದಿನ ಹಬ್ಬಕ್ಕೆ ನಾವು ಮೂವರು ಅಡುಗೆ, ಅಪ್ಪನ ಆರೈಕೆ ನೋಡಿಕೊಳ್ಳುತ್ತೇವೆ, ಅವಳು ಸಿದ್ದಾಪುರದ ತನ್ನ ಮನೆಗೆ ಹೋಗಿ ಬರಲಿ ಎಂದು ನಾನು ಹೇಳಿದಾಗ ತಮ್ಮನೇ, 'ಗೋಪೂಜೆ ದಿನ ಮನೆ ಸೊಸೆ ಇಲ್ಲದಿದ್ರೆ ಹೇಗಕ್ಕಾ?' ಎಂದ. ಮನೆಯ ಮಗಳು ಆರತಿ ಎತ್ತಿದರೆ ಹಸು ಬೇಡವೆನ್ನುತ್ತದೆಯೇ ಎಂದು ತಂಗಿ ಕೇಳಿದಳು. ಮಾತು ಅಲ್ಲಿಗೇ ನಿಂತಿದೆ. ಅವಳು ಹೌದೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮರುದಿನ ಮಾತ್ರ ತನ್ನ ಅಮ್ಮನಿಗೆ ಫೋನು ಮಾಡಿ ಬಹಳ ಹೊತ್ತು ಮಾತನಾಡಿದಳು.

ಊರಿಗೆ ಹೋಗುವವರಿಗೆ ಹಕ್ಕಿಗಿಂತ ಋಣದ ಪ್ರಶ್ನೆ ದೊಡ್ಡದೆಂದು ನನಗೆ ತೋರುತ್ತದೆ. ಅಂಗಳ ಸಗಣಿಯದೋ ಸಿಮೆಂಟಿನದೋ ಎನ್ನುವುದು ಅದನ್ನು ದಿನಾ ಗುಡಿಸುವವಳಿಗೆ ಬಿಟ್ಟ ವಿಚಾರ. 'ಎಲ್ಲ ಬದಲಾಗಿದೆ' ಎನ್ನುವ ಮೊದಲು 'ನೀನು ಹೇಗಿದ್ದೀಯ?' ಎಂದು ಕೇಳಿ, ಉತ್ತರ ಪೂರ್ತಿಯಾಗುವ ತನಕ ಕುಳಿತಿರುವಷ್ಟು ಪುರುಸೊತ್ತು ನಮಗಿರಬೇಕು. ರಜೆ ಇರುವುದು ನಮಗೆ ತಾನೆ?