ಚಿಟ್ಟೆ ಬೇಕು, ಹುಳು ಬೇಡವೇ?

ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಅಂಗಳವೆಂಬುದು ಈಗ ಹೆಸರಿಗೆ ಮಾತ್ರ. ಆದರೂ ಗೇಟಿನ ಪಕ್ಕದಲ್ಲೋ ತಾರಸಿಯ ಕುಂಡದಲ್ಲೋ ಒಂದು ಕರಿಬೇವಿನ ಗಿಡ ಇದ್ದೇ ಇರುತ್ತದೆ. ಅಷ್ಟು ಸಾಕು, ಋತುಗಳು ಅಲ್ಲಿಗೇ ಬರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದ ಬೂದು ಸಿಪಿಲೆ ಬಾಲ ಕುಣಿಸುತ್ತಾ ತಾರಸಿಯಲ್ಲಿ ಓಡಾಡುತ್ತದೆ. ಮಳೆ ಬಿದ್ದು ಗಿಡ ಚಿಗುರಿದಾಗ ಕಪ್ಪು ಚಿಟ್ಟೆಯೊಂದು ಸುತ್ತ ಸುಳಿದು, ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ.

ಮೊಮ್ಮಗಳು ಚಪ್ಪಾಳೆ ತಟ್ಟುತ್ತಾಳೆ. ಕೆಲವು ವಾರ ಕಳೆದು ಅಜ್ಜಿ ಒಗ್ಗರಣೆಗೆ ಎಲೆ ಕೀಳಲು ಹೋದರೆ ಅರ್ಧ ಗಿಡ ಬೋಳು! ಮೊದಲು ಹಕ್ಕಿಯ ಹಿಕ್ಕೆಯಂತಿದ್ದ ಹುಳು ಈಗ ಹಸಿರಾಗಿ ದಪ್ಪಗಾಗಿದೆ. ಮುಟ್ಟಿದರೆ ಕೆಂಪು ಕವಲುಕೊಂಬು ಚಾಚಿ ವಾಸನೆ ಬಿಡುತ್ತದೆ. "ನಾಳೆಯೇ ಔಷಧಿ ಹೊಡೆಯಬೇಕು" ಎನ್ನುತ್ತಾರೆ ಅಜ್ಜಿ. "ಬೇಡ ಅಜ್ಜಿ, ಅದು ಚಿಟ್ಟೆ ಆಗತ್ತೆ" ಎನ್ನುತ್ತಾಳೆ ಮಗು. ಇಬ್ಬರಲ್ಲಿ ಯಾರು ಸರಿ?

ಅಜ್ಜಿಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಗಿಡ ನೆಟ್ಟವರು, ನೀರೆರೆದವರು ಅವರು. ಮೇಲಾಗಿ ನಾವು ಮದುವೆಗೆ ಉಡುವ ರೇಷ್ಮೆ ಸೀರೆಯನ್ನೇ ನೋಡಿ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಸಿಗುತ್ತದೆ. ಪತಂಗ ಗೂಡು ಕೊರೆದು ಹೊರಬಂದರೆ ನೂಲು ತುಂಡಾಗುತ್ತದೆ. ಆದ್ದರಿಂದ ಅದಕ್ಕೂ ಮೊದಲೇ ಬಿಸಿಯಲ್ಲಿ ಅದನ್ನು ಕೊಲ್ಲುತ್ತಾರೆ. ಎಷ್ಟೋ ರೈತ ಕುಟುಂಬಗಳ ಅನ್ನ ಅದರಲ್ಲಿದೆ. ಹೀಗಿರುವಾಗ, ಹುಳುವಿನ ಜೀವಕ್ಕೆ ನಾವು ಕೈ ಹಾಕುವವರಲ್ಲ ಎಂದು ಹೇಳಿಕೊಳ್ಳಲು ನಮಗೆ ಬಾಯಿಲ್ಲ.

ಆದರೆ ಅಗತ್ಯಕ್ಕೆ ತೆಗೆದುಕೊಳ್ಳುವುದು ಬೇರೆ, ಅಸಹ್ಯಪಟ್ಟು ನಾಶ ಮಾಡುವುದು ಬೇರೆ. ಔಷಧಿಯ ಕೆಲಸ ಹುಳುವಿನಲ್ಲೇ ನಿಲ್ಲದು. ಟುವ್ವಿ ಹಕ್ಕಿ ಮರಿಗಳಿಗೆ ಉಣಿಸುವುದು ಹುಳುಹುಪ್ಪಟೆಯನ್ನೇ. ಹೂವಿನ ರಸ ಕುಡಿಯುವ ಸೂರಕ್ಕಿಯೂ ಮರಿಯ ಬಾಯಿಗಿಡುವುದು ಕೀಟವನ್ನು. ಅದೇ ಎಲೆ ನಮ್ಮ ಸಾರಿಗೂ ಬೀಳುತ್ತದೆ. ಬಲಿತ ಗಿಡ ಬೋಳಾದರೂ ಮತ್ತೆ ಚಿಗುರೀತು; ಸತ್ತ ಹುಳು ಚಿಟ್ಟೆಯಾಗದು.

ಅಗ್ಗದ ಬೆಲೆಗೆ ಮಾರುವ ಗುಬ್ಬಿಯೂ ದೇವರ ನೆನಪಿನಿಂದ ಹೊರಗಿಲ್ಲವೆಂದು ಯೇಸುಸ್ವಾಮಿ ಕಲಿಸಿದರು. ನಮ್ಮ ಉಪಯೋಗಕ್ಕೆ ಬಾರದಿದ್ದರೂ ಪ್ರತಿ ಜೀವಿಗೂ ತನ್ನದೇ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪತ್ರದಲ್ಲಿ ನೆನಪಿಸಿದರು. ಇದನ್ನು ಒಪ್ಪುವುದು ಸುಲಭ. ಚಿಟ್ಟೆಯನ್ನು ಮೆಚ್ಚಲು ಖರ್ಚಿಲ್ಲ. ಹುಳುವನ್ನು ಸಹಿಸಲು ಮಾತ್ರ ನಾಲ್ಕು ಎಸಳು ಕರಿಬೇವಿನ ಖರ್ಚಿದೆ. ಮನೆಯಲ್ಲೂ ಹಾಗೆಯೇ ಅಲ್ಲವೇ? ಮಗ ದೊಡ್ಡ ಮನುಷ್ಯನಾಗಬೇಕು, ಆದರೆ ಅವನು ಬೆಳೆಯುವ ವರ್ಷಗಳ ಮುಂಗೋಪ ನಮಗೆ ಬೇಡ!

ಅಜ್ಜಿ, ಮೊಮ್ಮಗಳು ಇಬ್ಬರಿಗೂ ಒಪ್ಪುವ ದಾರಿಯೊಂದಿದೆ. ಹುಳುಗಳನ್ನೆಲ್ಲ ಮೆಲ್ಲನೆ ಒಂದೇ ಕೊಂಬೆಗೆ ಸೇರಿಸಿ, ಉಳಿದದ್ದು ಒಗ್ಗರಣೆಗಿರಲಿ. ಮಕ್ಕಳನ್ನು ಕರೆದು ದಿನವೂ ತೋರಿಸಿ. ಕೆಲವನ್ನು ಹಕ್ಕಿ ಒಯ್ಯಬಹುದು, ಅದೂ ಪಾಠವೇ. ಉಳಿದ ಒಂದು ಗೂಡು ಬಿರಿದು ರೆಕ್ಕೆ ಒಣಗಿಸಿಕೊಳ್ಳುವ ಬೆಳಿಗ್ಗೆ, ಆ ಕೊಂಬೆ ಬಿಟ್ಟುಕೊಟ್ಟದ್ದು ನಷ್ಟವೆಂದು ಅಜ್ಜಿಗೂ ಅನ್ನಿಸಲಾರದು.