ಹಾವಿನ ಮರಿಯ ಆಹಾರ ಮತ್ತು ಶ್ರಾವಕನ ಅಹಿಂಸೆ

ಅಹಿಂಸಾಣುವ್ರತದ ವಿಚಾರ ಬಂದಾಗ ಗೃಹಸ್ಥನ ಗಮನ ಸಾಮಾನ್ಯವಾಗಿ ತನ್ನ ಊಟದ ಎಲೆಯ ಮೇಲೆ, ಹೆಚ್ಚೆಂದರೆ ತನ್ನ ಉದ್ಯೋಗದ ಮೇಲೆ ನಿಲ್ಲುತ್ತದೆ. ಉಣ್ಣುವುದೇನು, ಮಾಡುವ ವ್ಯಾಪಾರವೇನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ವ್ರತವು ನಿರ್ವಿಘ್ನವಾಗಿ ನಡೆಯುತ್ತಿದೆಯೆಂದು ಅವನು ಸಮಾಧಾನಪಡುತ್ತಾನೆ. ತನ್ನ ಆಶ್ರಯದಲ್ಲಿರುವ ಬೇರೊಂದು ಜೀವ ಏನನ್ನು ಉಣ್ಣುತ್ತದೆ ಎಂಬ ಮೂರನೆಯ ಪ್ರಶ್ನೆ ಏಳುವುದು ಅಪರೂಪ. ಹಸುವಿಗೆ ಹುಲ್ಲು, ಪಾರಿವಾಳಕ್ಕೆ ಕಾಳು, ಇರುವೆಗೆ ಸಕ್ಕರೆ ಹಾಕುವ ಮನೆಗಳಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಆದರೆ ಮಾಂಸವಲ್ಲದೆ ಬೇರೇನನ್ನೂ ತಿನ್ನಲಾರದ ಪ್ರಾಣಿಯೊಂದು ಮನೆಯನ್ನು ಸೇರಿದಾಗ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ಹಾವಿನ ಮರಿಯನ್ನು ತಂದು ಸಾಕುವ ಹವ್ಯಾಸ ಅಂಥದೊಂದು ಸಂದರ್ಭ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಗೆ ಹಾವು ಹೊಸದಲ್ಲ. ಬಂಡೆಗಳ ಸಂದು, ತುಂಗಭದ್ರಾ ಕಾಲುವೆಯ ಬದಿಯ ಕಬ್ಬಿನ ಗದ್ದೆ, ಬಾಳೆಯ ತೋಟ, ಕಂಪ್ಲಿಯ ಬತ್ತದ ಬಯಲು ಇವೆಲ್ಲ ಇಲಿಗಳ ನೆಲೆ. ಇಲಿಯಿದ್ದಲ್ಲಿ ಹಾವು ಬರುವುದು ಸಹಜ. ಮುಂಗಾರಿನ ಆರಂಭದಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಹಿತ್ತಲಿನಲ್ಲಿ, ಬಚ್ಚಲಿನ ಮೋರಿಯಲ್ಲಿ ಕಾಣಿಸಿಕೊಳ್ಳುತ್ತವೆ. ಗೇಣುದ್ದದ ಮರಿಯನ್ನು ಕಂಡ ಬಾಲಕನು ಅದನ್ನು ಡಬ್ಬಿಯಲ್ಲಿ ಹಾಕಿಟ್ಟು ಸಾಕಲು ಹೊರಡುವುದುಂಟು. ನಾಗರಹಾವಿನ ಮರಿಗೆ ಹುಟ್ಟಿದ ದಿನದಿಂದಲೇ ವಿಷವಿರುತ್ತದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ನಾಗರ, ಕೇರೆ, ಹೆಬ್ಬಾವು ಮೊದಲಾದ ಈ ನಾಡಿನ ಹಾವುಗಳನ್ನು ಹಿಡಿದು ಇಟ್ಟುಕೊಳ್ಳುವುದು 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ‘ಎರಡು ತಲೆಯ ಹಾವು’ ಎಂದು ಜನ ಕರೆಯುವ ಮಣ್ಣುಮುಕ್ಕ ಹಾವನ್ನು ಐಶ್ವರ್ಯ ತರುತ್ತದೆಂಬ ಭ್ರಮೆಯಿಂದ ಹಣ ಕೊಟ್ಟು ಪಡೆಯುವವರೂ ಇದೇ ಕಾಯ್ದೆಗೆ ಗುರಿಯಾಗುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ದಾರಿ ತೆರೆದಿದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ‘ಬಾಲ್ ಪೈಥಾನ್’ ಎಂಬ ಸಣ್ಣ ಜಾತಿಯ, ವಿಷವಿಲ್ಲದ ಹೆಬ್ಬಾವಿನ ಮರಿಗಳು ಮಹಾನಗರಗಳ ಮೂಲಕ ಚಿಕ್ಕ ಊರುಗಳ ಯುವಕರ ಕೈಗೂ ಬರಬಲ್ಲವು. 2023 ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 78 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು. ಜೊತೆಗಿದ್ದ 6 ಕೋತಿಗಳು ಸತ್ತೇ ಹೋಗಿದ್ದವು. ಅಂಗಡಿಯ ಗಾಜಿನ ಹಿಂದೆ ಅಂದವಾಗಿ ಸುರುಳಿ ಸುತ್ತಿ ಮಲಗಿದ ಮರಿಯ ಹಿಂದೆ ಇಂಥ ಪ್ರಯಾಣವೂ ಇರಬಹುದು. ಕಾಯ್ದೆಗೆ 2022 ರಲ್ಲಿ ಆದ ತಿದ್ದುಪಡಿ ಮತ್ತು 2024 ರ ನಿಯಮಗಳಂತೆ ಇಂಥ ವಿದೇಶೀ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ನೋಂದಣಿಯಾದರೆ ಕಾನೂನಿನ ಪ್ರಶ್ನೆ ಮುಗಿಯುತ್ತದೆ. ಧರ್ಮದ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ.

ಹೊಸ ಮರಿಯನ್ನು ಮನೆಗೆ ತಂದವನ ಮೊದಲ ಚಿಂತೆಯೆಂದರೆ ಅದು ಏನನ್ನೂ ಮುಟ್ಟುವುದಿಲ್ಲ ಎಂಬುದು. ಇದಕ್ಕೆ ಕಾರಣ ಸರಳವಾದದ್ದು. ಮೊಟ್ಟೆಯಿಂದ ಹೊರಬಂದ ಮರಿಯ ಒಡಲಲ್ಲಿ ಅಂಡದ ಹಳದಿ ಉಳಿದಿರುತ್ತದೆ. ಮೊದಲ ಪೊರೆ ಕಳಚುವ ತನಕ, ಅಂದರೆ ಸುಮಾರು ಒಂದೆರಡು ವಾರ, ಅದಕ್ಕೆ ಹೊರಗಿನ ಆಹಾರ ಬೇಕಾಗುವುದಿಲ್ಲ. ಆ ಮೇಲೂ ಸ್ಥಳ ಬದಲಾದರೆ ಅದು ಉಣ್ಣುವುದನ್ನು ನಿಲ್ಲಿಸುತ್ತದೆ. ಅಪರಿಚಿತ ವಾಸನೆ, ಬೆಳಕು, ಮೇಲಿಂದ ಬಾಗಿ ನೋಡುವ ಮುಖ ಇವೆಲ್ಲ ಅದಕ್ಕೆ ಬೇಟೆಗಾರನ ಸುಳಿವುಗಳು. ತಿಳಿದವರು ಹೇಳುವ ಉಪಾಯವೂ ಸರಳವೇ. ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಎರಡು ಬೇಕು, ಒಂದು ಬೆಚ್ಚಗಿನ ಕಡೆ, ಒಂದು ತಂಪಿನ ಕಡೆ. ಶುದ್ಧವಾದ ನೀರು ಬೇಕು. ಬೆಚ್ಚಗಿನ ಕಡೆ ಸುಮಾರು 31-32 ಡಿಗ್ರಿ ಶಾಖವಿದ್ದರೆ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಹೊಸಪೇಟೆಯಲ್ಲಿ ಮುಚ್ಚಿದ ಪೆಟ್ಟಿಗೆಯ ಸೆಕೆಯೇ ಅದನ್ನು ಕೊಲ್ಲಬಲ್ಲದು. ಒಂದು ವಾರ ಕಾಲ ಅದನ್ನು ಕೈಯಲ್ಲಿ ಎತ್ತದೆ, ಪದೇ ಪದೇ ಇಣುಕದೆ ಬಿಟ್ಟುಬಿಡಬೇಕು. ಭಯ ಕಳೆದ ಮೇಲೆ ಹಸಿವು ತಾನಾಗಿ ಮೇಲೆ ಬರುತ್ತದೆ.

ಇಲ್ಲಿಯ ತನಕ ಹೇಳಿದ್ದೆಲ್ಲ ಅಭಯದಾನವೆಂದೇ ತೋರುತ್ತದೆ. ಭಯಗೊಂಡ ಜೀವಕ್ಕೆ ಮರೆ, ಮೌನ, ನೀರು ಕೊಡುವುದರಲ್ಲಿ ದೋಷವೇನಿದೆ? ಆದರೆ ಇಷ್ಟೆಲ್ಲ ಸಿದ್ಧತೆಯ ಕೊನೆಗೆ ಪೆಟ್ಟಿಗೆಯೊಳಗೆ ಇಡಬೇಕಾದದ್ದು ಇಲಿಯ ಮರಿ. ಚಿಕ್ಕ ಹಾವಿಗೆ ವಾರಕ್ಕೊಂದು, ದೊಡ್ಡದಕ್ಕೆ ಎರಡು ಮೂರು ವಾರಕ್ಕೊಂದು. ಈ ಜಾತಿಯ ಹಾವು ಸೆರೆಯಲ್ಲಿ 20 ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲದು. ಲೆಕ್ಕ ಹಾಕಿದರೆ ಒಂದು ಹಾವಿನ ಆಯುಷ್ಯಕ್ಕೆ ನಾನೂರು ಐನೂರು ಇಲಿಗಳ ಆಯುಷ್ಯ ಸಂದಾಯವಾಗಬೇಕು. ಜೈನ ಜೀವವಿಚಾರದ ಪ್ರಕಾರ ಹಾವೂ ಇಲಿಯೂ ಪಂಚೇಂದ್ರಿಯ ತಿರ್ಯಂಚಗಳೇ. ಒಂದರ ನೋವು ದೊಡ್ಡದು, ಇನ್ನೊಂದರದು ಸಣ್ಣದು ಎಂದು ತೂಗಿ ಪಾರಾಗುವ ದಾರಿ ಇಲ್ಲಿಲ್ಲ.

ಈ ಇಕ್ಕಟ್ಟಿನಿಂದ ಹೊರಬರಲು ಮನಸ್ಸು ಹಲವು ಸಮಾಧಾನಗಳನ್ನು ಹುಡುಕುತ್ತದೆ. ಒಂದೊಂದನ್ನೂ ಪರೀಕ್ಷಿಸಿ ನೋಡಬೇಕಾಗಿದೆ.

ಮೊದಲನೆಯದು ಹಾಲು. ನಾಗರಪಂಚಮಿಯ ರೂಢಿಯಿಂದಾಗಿ ಹಾವು ಹಾಲು ಕುಡಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ನಿಂತಿದೆ. ಹಾಲು ಹಾವಿನ ಆಹಾರವಲ್ಲ. ಹಾವಾಡಿಗರ ಬುಟ್ಟಿಯಲ್ಲಿ ಅನೇಕ ದಿನ ನೀರಿಲ್ಲದೆ ಬಳಲಿದ ಹಾವು ಎದುರಿಗಿಟ್ಟ ಯಾವುದೇ ದ್ರವಕ್ಕೆ ಬಾಯಿ ಹಚ್ಚುತ್ತದೆ. ಆ ಹಾಲು ಅದಕ್ಕೆ ಜೀರ್ಣವಾಗದೆ, ಶ್ವಾಸಕೋಶಕ್ಕೂ ಇಳಿದು ರೋಗ ತರುತ್ತದೆ. ಪ್ರತಿಯೊಂದು ಜೀವಕ್ಕೂ ತನ್ನ ಪರ್ಯಾಯಕ್ಕೆ ತಕ್ಕ ಸ್ವಭಾವವಿರುತ್ತದೆ. ಸಾಕುವವನ ಶುದ್ಧಾಹಾರವನ್ನು ಅದರ ಬಾಯಿಗೆ ಹೊಯ್ದರೆ ಸಾಕುವವನ ಮನಸ್ಸಿಗೆ ನೆಮ್ಮದಿ ದೊರೆಯಬಹುದು, ಹಾವಿಗೆ ದೊರೆಯುವುದು ಮರಣವೇ.

ಎರಡನೆಯದು, “ಅದು ತಾನಾಗಿ ಉಪವಾಸ ಮಾಡುತ್ತಿದೆ” ಎಂಬ ಮಾತು. ಶ್ವೇತಾಂಬರ ಪರಂಪರೆಯ ಮಹಾವೀರ ಚರಿತೆಗಳಲ್ಲಿ ಬರುವ ಚಂಡಕೌಶಿಕನ ಕಥೆಯನ್ನು ಇದಕ್ಕೆ ಆಧಾರವಾಗಿ ಹೇಳಬಹುದು. ಭಗವಂತನ ದರ್ಶನದಿಂದ ಪೂರ್ವಸ್ಮರಣೆ ಪಡೆದ ಆ ವಿಷಸರ್ಪವು ಬಿಲದೊಳಗೆ ಮುಖವಿಟ್ಟು, ಆಹಾರವನ್ನು ತ್ಯಜಿಸಿ, ಇರುವೆಗಳು ಮೈಯನ್ನು ಕಡಿದರೂ ಅಲುಗದೆ ಸದ್ಗತಿಯನ್ನು ಪಡೆಯಿತು. ಅದರ ಉಪವಾಸ ತಪಸ್ಸಾದದ್ದು ಅದು ಸ್ವಸಂಕಲ್ಪದಿಂದ ಬಂದುದರಿಂದ. ಪೆಟ್ಟಿಗೆಯೊಳಗಿನ ಮರಿ ಉಣ್ಣದಿರುವುದು ಭಯದಿಂದ. ಭಯ ಕಳೆದ ಮೇಲೂ ಉಣ್ಣದಿದ್ದರೆ ಅದು ಕೊಡುವವನು ಕೊಡದಿದ್ದುದರಿಂದ. ಸಲ್ಲೇಖನಕ್ಕೂ ಅನ್ನ ನಿರಾಕರಣೆಗೂ ಇರುವ ಅಂತರವನ್ನು ತಿಳಿದ ಸಮಾಜ ಈ ಎರಡನ್ನು ಬೆರೆಸಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು ಇವುಗಳ ಜೊತೆಗೆ ಅನ್ನಪಾನಗಳನ್ನು ತಡೆಯುವುದನ್ನೂ ಸೇರಿಸುತ್ತದೆ. ಸೆರೆಯ ಹಾವಿನ ವಿಷಯದಲ್ಲಿ ಮೊದಲನೆಯದು ಆಗಲೇ ಘಟಿಸಿದೆ. ಉಪವಾಸ ಕೆಡವಿದರೆ ಕೊನೆಯದೂ ಸೇರುತ್ತದೆ.

ಮೂರನೆಯದು, ಸತ್ತ ಇಲಿಯನ್ನು ಕೊಂಡು ತಂದರೆ ದೋಷವಿಲ್ಲ ಎಂಬ ವಾದ. ಶೀತಪೆಟ್ಟಿಗೆಯಲ್ಲಿಟ್ಟ ಸತ್ತ ಇಲಿಗಳನ್ನು ಮಾರುವವರಿದ್ದಾರೆ. ಜೀವಂತ ಇಲಿಯನ್ನು ಹಾವಿನ ಎದುರಿಗೆ ಬಿಡುವುದಕ್ಕಿಂತ ಇದರಲ್ಲಿ ಕ್ರೌರ್ಯ ಕಡಿಮೆ ಎಂಬುದು ನಿಜ. ಇಲಿಗೆ ಬೆದರಿಕೆಯ ಆ ಗಳಿಗೆಗಳಿಲ್ಲ, ಹಾವಿಗೆ ಇಲಿಯ ಕಡಿತದ ಅಪಾಯವಿಲ್ಲ. ಆದರೆ ಜೈನಶಾಸ್ತ್ರ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಹಿಂಸೆಯ ಬಾಗಿಲುಗಳೆಂದೇ ಕರೆದಿದೆ. ಕೊಳ್ಳುವವನಿಗಾಗಿಯೇ ಆ ಇಲಿಗಳನ್ನು ಸಾಕಿ ಕೊಲ್ಲಲಾಗುತ್ತದೆ. ಕನ್ನಡಿಗರಿಗೆ ಈ ತತ್ತ್ವವನ್ನು ಜನ್ನನು 1209 ರಲ್ಲೇ ಯಶೋಧರ ಚರಿತೆಯ ಮೂಲಕ ಮನಗಾಣಿಸಿದ್ದಾನೆ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ ಅರಸನಿಗೂ ಅವನ ತಾಯಿಗೂ ಪ್ರಾಣಿಜನ್ಮಗಳ ಪರಂಪರೆಯೇ ಒದಗಿತು. ಆ ಜನ್ಮಗಳಲ್ಲಿ ಹಾವಿನ ಜನ್ಮವೂ ಒಂದು. ಜೀವವೇ ಇಲ್ಲದ ಹಿಟ್ಟಿನಲ್ಲಿ ಸಂಕಲ್ಪಹಿಂಸೆ ಸಾಧ್ಯವಾದರೆ ಹಣ ಕೊಟ್ಟು ತರಿಸಿದ ನಿಜವಾದ ಪ್ರಾಣಿಯ ವಿಷಯದಲ್ಲಿ ಹೇಳುವುದೇನಿದೆ?

ನಾಲ್ಕನೆಯದು, ಸಂಡೂರಿನ ಗುಡ್ಡಕ್ಕೆ ಒಯ್ದು ಬಿಟ್ಟುಬಿಡುವ ಯೋಚನೆ. ಹಿತ್ತಲಲ್ಲಿ ಸಿಕ್ಕ ಈ ನಾಡಿನ ಮರಿಯನ್ನು ಬಲ್ಲವರ ಕೈಯಿಂದ ಸಿಕ್ಕ ಜಾಗದ ಹತ್ತಿರವೇ ಬಿಡಿಸುವುದು ಸರಿಯಾದ ಮಾರ್ಗ. ಆಫ್ರಿಕದ ಹಾವಿಗೆ ಅದು ಸಲ್ಲುವುದಿಲ್ಲ. ಅದು ಒಂದೋ ಅಲ್ಲಿ ಸಾಯುತ್ತದೆ, ಇಲ್ಲವೇ ಬದುಕಿ ಅಲ್ಲಿಯ ಜೀವಿಗಳಿಗೆ ಹೊಸ ಶತ್ರುವೂ ಹೊಸ ರೋಗದ ವಾಹಕವೂ ಆಗುತ್ತದೆ. ಕಣ್ಣಿಗೆ ಕಾಣದಂತೆ ಮಾಡಿದ ಮಾತ್ರಕ್ಕೆ ಹಿಂಸೆ ನಿಂತಂತಾಗದು.

ಹಾಗಾದರೆ ಹಾವೇ ಪಾಪಿಯೇ? ಹಾಗೆನ್ನಲು ಶಾಸ್ತ್ರಸಮ್ಮತಿಯಿಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆ ಎಂಬ ತರ್ಕವನ್ನು ಸ್ಪಷ್ಟವಾಗಿ ತಿರಸ್ಕರಿಸಿದ್ದಾರೆ. ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿಯುವ ಕೇರೆಹಾವು ತನ್ನ ಕರ್ಮಫಲವನ್ನು ತಾನು ನಡೆಸುತ್ತಿದೆ. ಅಲ್ಲಿ ಇಲಿಗೆ ಓಡಲು ಬಿಲವಿದೆ, ಹಾವಿಗೆ ಹಸಿದು ಮರಳುವ ಸಂಭವವಿದೆ. ಅದರಲ್ಲಿ ಶ್ರಾವಕನಿಗೆ ಕರ್ತೃತ್ವವಿಲ್ಲ. ಅದೇ ಹಾವನ್ನು ಪೆಟ್ಟಿಗೆಯಲ್ಲಿಟ್ಟ ಕ್ಷಣದಲ್ಲಿ ಆ ಪ್ರಕೃತಿವ್ಯವಹಾರದ ನಡುವೆ ಮನುಷ್ಯನು ತಾನಾಗಿ ಹೋಗಿ ನಿಲ್ಲುತ್ತಾನೆ. ಅಂದಿನಿಂದ ಪ್ರತಿ ತುತ್ತೂ ಅವನ ಕೈಯ ಮೂಲಕವೇ ಹೋಗಬೇಕು. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಇಲಿಯನ್ನು ಕೊಡುವ ದಿನದಲ್ಲಿ ಹುಡುಕುವುದು ತಡವಾದ ಹುಡುಕಾಟ. ಅದು ಹಾವಿನ ಮರಿಯನ್ನು ಕೊಂಡ ದಿನದಲ್ಲಿದೆ.

ಇದನ್ನು ಪೂರ್ವಾಚಾರ್ಯರು ಕಂಡಿದ್ದರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959 ರಲ್ಲಿ, ಯಶಸ್ತಿಲಕವನ್ನು ಪೂರ್ಣಗೊಳಿಸಿದ ಸೋಮದೇವಸೂರಿಗಳು ಅನರ್ಥದಂಡವನ್ನು ವಿವರಿಸುವಾಗ ವಿಷ, ಶಸ್ತ್ರ, ಬೆಂಕಿ, ಪಾಶಗಳ ಸಾಲಿನಲ್ಲಿಯೇ ಗಿಡುಗ, ಬೆಕ್ಕು, ಹಾವು, ಮುಂಗುಸಿ ಮೊದಲಾದ ಪ್ರಾಣಿಗಳನ್ನೂ ಹೆಸರಿಸುತ್ತಾರೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಹಿಂಸೆ. ಬೇಸಾಯದಲ್ಲಿ, ಅಡಿಗೆಯಲ್ಲಿ, ಮನೆ ಕಟ್ಟುವುದರಲ್ಲಿ ಗೃಹಸ್ಥನಿಗೆ ಅನಿವಾರ್ಯವಾದ ಆರಂಭಹಿಂಸೆಯುಂಟು. ವಿನೋದಕ್ಕಾಗಿ ಹಾವು ಸಾಕುವುದರಲ್ಲಿ ಅಂಥ ಅನಿವಾರ್ಯತೆ ಏನೂ ಇಲ್ಲ.

ಆದರೂ ಮರಿ ಮನೆಯೊಳಗೆ ಬಂದೇಬಿಟ್ಟಿದ್ದರೆ? ಮಗನು ಅಕ್ಕರೆಯಿಂದ ತಂದಿದ್ದಾನೆ, ತಾಯಿಯು ಇಲಿಯನ್ನು ಹೊಸಿಲೊಳಗೆ ತರಗೊಡಳು, ಮರಿ ಹಸಿದಿದೆ. ಇಲ್ಲಿ ಬೈಗುಳದಿಂದ ಫಲವಿಲ್ಲ. ಆರೋಗ್ಯವಾಗಿರುವ ಮರಿ ಕೆಲವು ವಾರಗಳ ಹಸಿವನ್ನು ತಾಳಬಲ್ಲದು. ಪ್ರಕೃತಿಯೇ ಕೊಟ್ಟ ಈ ಅವಧಿಯನ್ನು ಕುಟುಂಬ ಸದುಪಯೋಗಪಡಿಸಿಕೊಳ್ಳಬೇಕು. ಆ ದಿನಗಳಲ್ಲಿ ಅದಕ್ಕೆ ನೀರು, ಮರೆ, ಹದವಾದ ಶಾಖ, ನಿಶ್ಶಬ್ದ ಇವು ಕೊರತೆಯಾಗದಂತೆ ನೋಡಿಕೊಂಡು, ಅರಣ್ಯ ಇಲಾಖೆಗೆ ಇದ್ದುದನ್ನು ಇದ್ದಂತೆ ತಿಳಿಸಿ, ಕಾನೂನಿನಂತೆ ಯೋಗ್ಯವಾದ ಸ್ಥಳಕ್ಕೆ ಒಪ್ಪಿಸಬೇಕು. ಅಲ್ಲಿಯೂ ಅದು ಇಲಿಯನ್ನೇ ತಿನ್ನುತ್ತದೆ ಎಂಬ ಆಕ್ಷೇಪ ನಿಜವೇ. ಒಪ್ಪಿಸಿದವನು ನಿರ್ದೋಷಿಯಾದನೆಂದು ಇದರ ಅರ್ಥವಲ್ಲ. ಅವನು ಆರಂಭಿಸಿದ ಸರಪಳಿಯ ಭಾಗವೊಂದು ಅವನ ಲೆಕ್ಕದಲ್ಲಿ ಉಳಿಯುತ್ತದೆ. ಅದನ್ನು ಗುರುಗಳ ಎದುರು ಆಲೋಚನೆ ಮಾಡಿ, ಮತ್ತೆ ಕೊಳ್ಳುವುದಿಲ್ಲವೆಂಬ ಪ್ರತ್ಯಾಖ್ಯಾನದಿಂದ ಮುಗಿಸಬೇಕು. ಒಪ್ಪಿಸುವುದು ತಡವಾಗಿ ಮರಿ ಕೃಶವಾಗತೊಡಗಿದರೆ ಅದನ್ನು ಸಾಯಗೊಟ್ಟು ತನ್ನ ಮನೆಯ ಶುದ್ಧಿ ಉಳಿಯಿತೆಂದುಕೊಳ್ಳುವುದು ಹೆಚ್ಚು ಭಾರವಾದ ದೋಷ. ಏಕೆಂದರೆ ಸೆರೆಯಲ್ಲಿಟ್ಟವನನ್ನು ಬಿಟ್ಟು ಆ ಜೀವಕ್ಕೆ ಬೇರೆ ಗತಿಯಿಲ್ಲ. ಆಗ ಅದಕ್ಕೆ ಆಹಾರ ದೊರೆಯುವಂತೆ ಮಾಡಿದವನು ಪಾಪವನ್ನು ಪಾಪವೆಂದೇ ತಿಳಿದು ಹೊರಬೇಕು. ಅದಕ್ಕೆ ದಯೆಯೆಂಬ ಹೆಸರಿಡಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಬಸದಿಯ ಆವರಣದ ಹುತ್ತವನ್ನು ಅಗೆಸದೆ ಇರುವುದು, ಹಾವು ಕಂಡಾಗ ಬಡಿಗೆಯ ಬದಲು ಅರಣ್ಯ ಇಲಾಖೆಯವರನ್ನು ಕರೆಯುವುದು, ಪಂಚಮಿಯ ದಿನ ಹಾವಾಡಿಗನ ಬುಟ್ಟಿಗೆ ಕಾಣಿಕೆ ಹಾಕದಿರುವುದು, ಪಾಠಶಾಲೆಯ ಮಕ್ಕಳಿಗೆ ಹಾವಿನ ನಿಜವಾದ ಜೀವನಕ್ರಮವನ್ನು ತಿಳಿಸುವುದು ಇವು ಖರ್ಚಿಲ್ಲದ ಜೀವದಯಾ ಕಾರ್ಯಗಳು. ಹಾವಿನ ಮೇಲೆ ಮಕ್ಕಳಿಗಿರುವ ಬೆರಗು ಕೆಟ್ಟದ್ದಲ್ಲ. ಹಾವು ಇದ್ದಲ್ಲಿಯೇ ಇರಲಿ ಎಂದು ಬಯಸುವ ಮಟ್ಟಕ್ಕೆ ಆ ಬೆರಗನ್ನು ಬೆಳೆಸಬೇಕು.

ಹಂಪಿಯ ಪಾನಸುಪಾರಿ ಬಜಾರಿನಲ್ಲಿ ಇಮ್ಮಡಿ ದೇವರಾಯನು 1426 ರಲ್ಲಿ ಕಟ್ಟಿಸಿದ ಚೈತ್ಯಾಲಯ ಪಾರ್ಶ್ವನಾಥ ಸ್ವಾಮಿಗೆ ಮೀಸಲಾದುದು. ಹಾವನ್ನು ಲಾಂಛನವಾಗಿ ಪಡೆದ ಆ ತೀರ್ಥಂಕರನ ಕಥೆ ಎಲ್ಲ ಜೈನ ಕುಟುಂಬಗಳಿಗೂ ಗೊತ್ತು. ಉರಿಯುವ ಕೊರಡಿನೊಳಗೆ ಸಿಲುಕಿದ ಸರ್ಪಯುಗಲವನ್ನು ಅವಧಿಜ್ಞಾನದಿಂದ ಕಂಡ ರಾಜಕುಮಾರನು ಅವುಗಳ ಸಂಕಟದಲ್ಲಿ ಸಮೀಪಕ್ಕೆ ಹೋದನು, ಕೊನೆಯ ಗಳಿಗೆಯಲ್ಲಿ ಅವುಗಳಿಗೆ ಶಾಂತಿ ಸಿಗುವಂತೆ ಮಾಡಿದನು. ಅವುಗಳನ್ನು ತನ್ನವನ್ನಾಗಿ ಮಾಡಿಕೊಳ್ಳುವ ಬಯಕೆ ಅವನಲ್ಲಿ ಇರಲಿಲ್ಲ. ಧರಣೇಂದ್ರ ಪದ್ಮಾವತಿಯರಾಗಿ ಅವು ಮರಳಿ ಬಂದು ಹೆಡೆಯೆತ್ತಿ ಕಾಯ್ದದ್ದು ತಮ್ಮ ಇಚ್ಛೆಯಿಂದ. ಆ ಬಿಂಬಕ್ಕೆ ಕೈಮುಗಿಯುವ ಮನೆಯಲ್ಲಿ ಹಾವಿನ ಮರಿಗೆ ಬೀಗ ಹಾಕಿದ ಗಾಜಿನ ಪೆಟ್ಟಿಗೆ ಇರಬೇಕೇ ಎಂಬುದನ್ನು ಪ್ರತಿಯೊಬ್ಬ ಶ್ರಾವಕನೂ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ, ವಿಚಾರಿಸಿಕೊಳ್ಳಬೇಕಾಗಿದೆ.